ಬಾವಿಯಲ್ಲಿ ಗಳಿಸಿದ ಕ್ರೆಡಿಟ್ಟು

ಬೇಸಿಗೆಯಲ್ಲಿ ಬಾವಿಯ ನೀರು ತಡವಾಗಿ ಏಳುತ್ತದೆ. ಬಿಸಿಲು ಬಂದು ಮೇಲಿನ ಮೆಟ್ಟಿಲ ಮೇಲೆ ಕುಳಿತಿದ್ದರೂ ಕೆಳಗೆ ಇನ್ನೂ ನಸುಕು. ಕಲ್ಲುಗೋಡೆಯ ಸಂದುಗಳಲ್ಲಿ ಪಾರಿವಾಳಗಳು ಗುಟುಗುಟು ಅನ್ನುತ್ತಿರುತ್ತವೆ. ಆ ಸದ್ದು ನೀರಿಗೆ ತಾಗಿ ಮೇಲೆ ಬರುವ ಹೊತ್ತಿಗೆ, ದೂರದ ಕೋಣೆಯಲ್ಲಿ ಯಾರೋ ಕೂಸನ್ನು ಮಲಗಿಸುತ್ತಿರುವ ಹಾಗೆ ಕೇಳುತ್ತದೆ. ದಂಡೆಯ ಬೇವು ಹೂ ಉದುರಿಸುತ್ತದೆ. ಹೂ ಬಿದ್ದಲ್ಲಿ ಒಂದು ಸಣ್ಣ ಉಂಗುರ ಎದ್ದು, ದೊಡ್ಡದಾಗುತ್ತ ಹೋಗಿ, ಗೋಡೆ ಮುಟ್ಟುವ ಮೊದಲೇ ತಾನು ಯಾಕೆ ಹೊರಟೆ ಎಂಬುದನ್ನು ಮರೆತುಬಿಡುತ್ತದೆ.

ಇಂಗಳೇಶ್ವರದ ಹೊಲದಲ್ಲಿರುವ ಆ ಬಾವಿ ನನ್ನ ಸೊಸೆಯ ತವರಿನದು. ಬೀಗತನಕ್ಕೆ ಹೋದಾಗ ದೂರದಿಂದ ನೋಡಿ, ‘ಛಲೋ ಬಾವಿ ಐತಿ’ ಎಂದು ಬೀಗರ ಮನಸ್ಸಿಗಾಗಿ ಹೇಳಿ ಬಂದಿದ್ದೆ, ಅಷ್ಟೆ. ಬಟ್ಟೆ ಅಂಗಡಿಯವಳಿಗೆ ಬಾವಿಯ ಕೆಲಸವೇನು? ಸೊಸೆಯ ಡಿಗ್ರಿಗೆ ಒಂದು ಕ್ರೆಡಿಟ್ಟು ಕಡಿಮೆ ಬೀಳದೆ ಹೋಗಿದ್ದರೆ ಅದರ ನೀರಿನ ಬಣ್ಣ ಎಂಥದ್ದು ಎಂದು ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ನನ್ನ ಅಂಗಡಿ ಬಸವನ ಬಾಗೇವಾಡಿಯಲ್ಲಿದೆ. ಮೊದಲು ಅಂಗಡಿ ಇರಲಿಲ್ಲ, ಗಂಟು ಇತ್ತು. ಸೀರೆ, ಕುಬಸದ ಖಣಗಳ ಗಂಟನ್ನು ತಲೆಯ ಮೇಲೆ ಹೊತ್ತು ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಸಂತೆಯಿಂದ ಸಂತೆಗೆ ತಿರುಗಿದವಳು ನಾನು. ಯಾರೂ ಕೈಹಿಡಿದು ವ್ಯಾಪಾರ ಕಲಿಸಲಿಲ್ಲ. ಗಿರಾಕಿಗಳ ಮುಖ ನೋಡಿ ನೋಡಿ ಕಲಿತೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳು ಈಗಲೂ ನನ್ನ ಹತ್ತಿರ ಬುದ್ಧಿ ಕೇಳಲು ಬರುತ್ತಾರೆ. ಕೇಳದವರಿಗೂ ಹೇಳುತ್ತೇನೆ: ಮನಸ್ಸಿನಲ್ಲಿ ಇರುವುದರ ಎರಡು ಪಟ್ಟು ಬಾಯಲ್ಲಿ ಹೇಳಿ. ಇದು ಮೋಸವಲ್ಲ, ಎದುರಿನವರಿಗೆ ಮಾತಾಡಲು ಜಾಗ ಬಿಡುವುದು. ಅವರು ಅರ್ಧಕ್ಕಿಂತ ಕೆಳಗೆ ಕಡಿದು ಕೇಳುತ್ತಾರೆ, ನೀವು ಎದೆ ಬಡಿದುಕೊಳ್ಳುತ್ತೀರಿ, ಅವರು ಎದ್ದು ನಾಲ್ಕು ಹೆಜ್ಜೆ ಹೋಗುತ್ತಾರೆ, ನೀವು ಕರೆಯುತ್ತೀರಿ. ಕಡೆಗೆ ಇಬ್ಬರೂ ಮೊದಲೇ ಗೊತ್ತಿದ್ದ ಜಾಗಕ್ಕೆ ಬಂದು ಕೂಡುತ್ತೀರಿ. ನಮ್ಮ ಕಡೆ ಇದಕ್ಕೇ ವ್ಯವಹಾರ ಅನ್ನುವುದು. ಕಡಿದು ಕೇಳದ ಗಿರಾಕಿ ನಮಗೆ ಅರ್ಥವಾಗುವುದಿಲ್ಲ.

ಸೊಸೆ ನಮ್ಮ ಮನೆಗೆ ಬಂದಾಗ ಡಿಗ್ರಿಯ ಎರಡನೆಯ ವರ್ಷದಲ್ಲಿದ್ದಳು. ‘ಓದು ಬಿಡಬ್ಯಾಡ’ ಎಂದು ನಾನೇ ಹೇಳಿದ್ದೆ. ಅವಳಿಗೆ ಸಾಲಿಯ ಮಾಸ್ತರಿಣಿ ಆಗಬೇಕೆಂಬ ಆಸೆ. ಡಿಗ್ರಿ ಮುಗಿದ ಕೂಡಲೇ ಸಿಂದಗಿಗೆ ಹೋಗಿ ಬಿ.ಎಡ್. ಸೇರುವುದೆಂದು ತನ್ನೊಳಗೇ ಗೊತ್ತು ಮಾಡಿಕೊಂಡಿದ್ದಳು. ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ಅವಳ ಕೈ ನಿಂತು, ಎದುರಿನ ಗೋಡೆಯ ಮೇಲೆ ಕಾಣದ ಅಕ್ಷರ ಬರೆಯುತ್ತಿರುವಂತೆ ಕಣ್ಣು ಚಲಿಸುತ್ತಿತ್ತು. ರೊಟ್ಟಿ ಸೀಯುತ್ತಿತ್ತು. ನಾನು ಬೈಯುತ್ತಿರಲಿಲ್ಲ. ಸೀದ ರೊಟ್ಟಿಗೂ ತಿನ್ನುವವರಿದ್ದಾರೆ, ಎಮ್ಮೆ ಇದೆ.

ಕೊನೆಯ ಸೆಮಿಸ್ಟರಿನಲ್ಲಿ ಕಾಲೇಜಿನಿಂದ ಕರೆ ಬಂತು. ಎಳೆಯ ಮೊಮ್ಮಗಳನ್ನು ಬೀಗತಿಯ ಕೈಗೆ ಕೊಟ್ಟು, ನಾನೂ ಸೊಸೆಯ ಜೊತೆ ಹೋದೆ. ಮೈಸೂರು ಕಡೆಯಿಂದ ಬಂದ ಮೇಡಂ ಒಬ್ಬರು ಅಲ್ಲಿ ಕ್ರೆಡಿಟ್ಟಿನ ಕೆಲಸ ನೋಡಿಕೊಳ್ಳುತ್ತಿದ್ದರು. ಮೆದು ಮಾತು. ಪ್ರತಿ ಮಾತನ್ನೂ ನೀರಿನಲ್ಲಿ ಅದ್ದಿ ತೆಗೆದು ಕೊಟ್ಟ ಹಾಗೆ.

ಅವರು ಬಿಡಿಸಿ ಹೇಳಿದರು. ಈಗ ಪರೀಕ್ಷೆಯ ಅಂಕ ಒಂದೇ ಸಾಲದಂತೆ. ಆಟ, ಹಾಡು, ನಾಟಕ, ಊರಿನ ಸೇವೆ, ಹೀಗೆ ಪುಸ್ತಕದ ಹೊರಗೆ ಮಾಡಿದ ಕೆಲಸಕ್ಕೂ ವಿಶ್ವವಿದ್ಯಾಲಯ ಕ್ರೆಡಿಟ್ಟು ಕೊಡುತ್ತದಂತೆ. ಅದೂ ಸೇರಿದರೇ ಡಿಗ್ರಿ ಪೂರ್ತಿಯಾಗುವುದು. ಉಳಿದವರೆಲ್ಲ ಹಳ್ಳಿಯ ಸೇವಾ ಶಿಬಿರಕ್ಕೆ ಹೋಗಿ ಅದನ್ನು ಗಳಿಸಿಕೊಂಡಿದ್ದರು. ಶಿಬಿರ ನಡೆದಾಗ ನನ್ನ ಸೊಸೆ ಬಾಣಂತಿ, ಕಿವಿಗೆ ಅರಳೆ ಇಟ್ಟುಕೊಂಡು ಒಳಗೆ ಮಲಗಿದ್ದಳು.

“ಜೂನ್ ಒಳಗೆ ಇದು ಸೇರಲಿಲ್ಲ ಅಂದ್ರೆ ಮಾರ್ಕ್ಸ್ ಕಾರ್ಡ್ ಬರಲ್ಲಮ್ಮ. ಬಿ.ಎಡ್.ಗೆ ಅರ್ಜಿ ಹಾಕೋದು ಮುಂದಿನ ವರ್ಷಾನೇ,” ಎಂದರು ಮೇಡಂ.

ಸೊಸೆಯ ಮುಖ ನೋಡಿದೆ. ಮುಂದಿನ ವರ್ಷ ಎಂಬ ಮಾತಿನ ಬೆಲೆ ನನಗೆ ಗೊತ್ತು. ಹೆಣ್ಣುಮಕ್ಕಳ ಓದು ಒಂದು ಸಲ ಮುಂದಿನ ವರ್ಷಕ್ಕೆ ಹೋದರೆ, ಆ ಮುಂದಿನ ವರ್ಷಕ್ಕೆ ಇನ್ನೊಂದು ಕೂಸು, ಯಾರದೋ ಕಾಯಿಲೆ, ಯಾರದೋ ಮದುವೆ ಮೊದಲೇ ಬಂದು ಜಾಗ ಹಿಡಿದು ಕುಳಿತಿರುತ್ತವೆ. ಅವಳಿಗೂ ಅದು ಗೊತ್ತಿತ್ತು.

“ಬೇರೆ ಸೇವೆ ಮಾಡಿದ್ರೂ ಆಗುತ್ತೆ. ನಿಮಗೆ ಏನು ಬರುತ್ತೆ ಹೇಳಿ,” ಎಂದು ಮೇಡಂ ಸೊಸೆಯನ್ನು ಕೇಳಿದರು. “ಹಾಡು? ಆಟ?”

ಸೊಸೆ ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. ಆಮೇಲೆ ಮೆಲ್ಲಗೆ, “ನನಗ ಈಸಾಕ ಬರ್ತೈತ್ರಿ ಮೇಡಂ,” ಎಂದಳು.

ನಾನೇ ತಿರುಗಿ ನೋಡಿದೆ. ಮನೆಯಲ್ಲಿ ಇಷ್ಟು ದಿನ ಇದ್ದರೂ ಇವಳಿಗೆ ಈಜು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ನಾವು ಸೊಸೆ ನೋಡಲು ಹೋದಾಗ ರೊಟ್ಟಿ ಬಡಿಯಲು ಬರುತ್ತದೋ ಎಂದು ಕೇಳುತ್ತೇವೆ. ಅವಳು ಸಣ್ಣವಳಿದ್ದಾಗ ಅಪ್ಪ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಬಾವಿಗೆ ಇಳಿಸಿ ಕಲಿಸಿದ್ದನಂತೆ. ಮದುವೆಯ ಮಾತು ಬಂದ ಮೇಲೆ, ‘ಇನ್ನ ಸಾಕು’ ಎಂದು ಅವ್ವ ನಿಲ್ಲಿಸಿದ್ದಳಂತೆ.

ಸೊಸೆಗೆ ಮಾತು ಬಂತು. ನಮ್ಮದು ಒಣಭೂಮಿ, ನೀರು ಕಂಡರೆ ಕೈಮುಗಿಯುವ ಮಂದಿ; ಈಗ ಕಾಲುವೆ ಬಂದಿದೆ, ಹೊಲಹೊಲಕ್ಕೆ ಕೃಷಿಹೊಂಡ ಬಂದಿದೆ. ನೀರು ಮನೆಯ ಬಾಗಿಲಿಗೆ ಬಂತು, ಈಜು ಬರಲಿಲ್ಲ. ಗಂಡುಹುಡುಗರು ಹೇಗೋ ಕಲಿಯುತ್ತಾರೆ. ಬಟ್ಟೆ ಒಗೆಯಲು ಹೋಗುವವರು ಹುಡುಗಿಯರು. ಬೇಸಿಗೆ ಸೂಟಿಯಲ್ಲಿ ಹುಡುಗಿಯರಿಗೆ ಈಜು ಕಲಿಸುತ್ತೇನೆ, ಎಂದಳು.

ಮೇಡಂ ಮುಖ ಅರಳಿತು. ಪೆನ್ನು ತೆಗೆದರು. “ಎಷ್ಟು ಜನಕ್ಕೆ ಕಲಿಸ್ತೀರಾ?”

ಸೊಸೆ ಬಾಯಿ ತೆರೆಯುವ ಮೊದಲೇ ನಾನು ನಡುವೆ ಬಂದೆ. ಮನಸ್ಸಿನಲ್ಲಿ ಹತ್ತು ಇತ್ತು. ಬಾಯಿ ತನ್ನ ರೂಢಿಯಂತೆ, “ಇಪ್ಪತ್ತ ಮಂದಿಗೆ ಕಲಸ್ತಾಳ್ರಿ,” ಎಂದಿತು. ಅವರು ಐದು ಅನ್ನಲಿ ಎಂದು ಕಾದೆ. ನಾನು ಹದಿನೈದು ಅನ್ನಬೇಕು, ಹತ್ತಕ್ಕೆ ಮುಗಿಯಬೇಕು.

“ಇಪ್ಪತ್ತಾ? ತುಂಬಾ ಒಳ್ಳೇದು,” ಎಂದರು ಮೇಡಂ. ಬರೆದುಕೊಂಡೇಬಿಟ್ಟರು. ಒಬ್ಬೊಬ್ಬರೂ ಯಾರ ಆಸರೆಯೂ ಇಲ್ಲದೆ ಬಾವಿಯ ಈ ಮಗ್ಗುಲಿಂದ ಆ ಮಗ್ಗುಲಿಗೆ ದಾಟಬೇಕು, ತಾವೇ ಬಂದು ನೋಡುವುದಾಗಿಯೂ ಹೇಳಿದರು. ಪ್ರಿನ್ಸಿಪಾಲರ ಸಹಿಯೂ ಆಯಿತು.

ಹೊರಗೆ ಬಂದಾಗ ಕಾಲೇಜಿನ ಅಂಗಳದಲ್ಲಿ ಬಿಸಿಲು ಹಾಲಿನ ಹಾಗೆ ಹರಡಿತ್ತು. ಸೊಸೆ ನಿಂತಳು.

“ಅತ್ತಿ, ನೀವೇನು ಸೀರಿ ಮಾರಾಕ ಬಂದಿದ್ರೇನ್ರಿ?”

“ಆಕಿ ಯಾಕ ಕಡದ ಕೇಳ್ಲಿಲ್ಲ?”

“ಅವರ ಊರಾಗ ಹಂಗ ಕೇಳಂಗಿಲ್ರಿ. ಹೇಳಿದ್ದ ಖರೆ ಅಂತ ತಿಳೀತಾರ.”

“ಹಂಗ ಬದುಕಿ ಬಾಳ್ವೆ ಹೆಂಗ ಮಾಡ್ತಾರವ್ವ ಅವರು!” ಎಂದೆ. ಸೊಸೆ ಅಳುತ್ತಾಳೇನೋ ಅಂದುಕೊಂಡೆ. ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನಗು ಮುಗಿದ ಮೇಲೆ ಕಣ್ಣು ಒರೆಸಿಕೊಂಡಳು.

ಹೇಳಿದ ಮೇಲೆ ಮಾಲು ಕೊಡಬೇಕು. ಇಪ್ಪತ್ತು ಹುಡುಗಿಯರನ್ನು ಹುಡುಕುವ ಕೆಲಸ ನನ್ನದಾಯಿತು. ಸೀರೆ ಮಾರುವವಳಿಗೆ ಒಂದು ವಿದ್ಯೆ ಇರುತ್ತದೆ: ಯಾವ ಹೆಂಗಸಿನ ತವರು ಯಾವುದು ಎಂಬುದು ಅವಳಿಗೆ ಗೊತ್ತು. ತವರಿಗೆ ಹೋಗುವಾಗ ಅವ್ವನಿಗೊಂದು, ಅತ್ತಿಗೆಗೊಂದು ಎಂದು ಒಯ್ಯುತ್ತಾರಲ್ಲ, ಆಗ ಎಲ್ಲ ಕಥೆಯೂ ಬಿಚ್ಚುತ್ತದೆ. ಇಂಡಿಯಲ್ಲಿ ನಿಂಬೆ ತೋಟದವನ ಹೆಂಡತಿ, ಸಿಂದಗಿಯ ಕಿರಾಣಿ ಅಂಗಡಿಯವಳು, ನಾಲತವಾಡದ ಅಂಗನವಾಡಿ ಅಕ್ಕ, ಎಲ್ಲರೂ ಇಂಗಳೇಶ್ವರದ ಹೆಣ್ಣುಮಕ್ಕಳು. ಸೂಟಿಗೆ ಅವರ ಮಕ್ಕಳು ಅಜ್ಜಿಯ ಊರಿಗೆ ಬಂದೇ ಬರುತ್ತಾರೆ. ನಾನು ಮತ್ತೆ ಸಂತೆಗಳಿಗೆ ಹೊರಟೆ. ಬಸ್ಸಿನ ಕಿಟಕಿಯ ಹೊರಗೆ ಕೊಯ್ದಾದ ಜೋಳದ ಹೊಲಗಳು ಬೋಳಾಗಿ ಹೊಳೆಯುತ್ತಿದ್ದವು. ಬಿಸಿಲುಗುದುರೆ ದಾರಿಯುದ್ದಕ್ಕೂ ನೀರು ತೋರಿಸುತ್ತಿತ್ತು. ಹತ್ತಿರ ಹೋದರೆ ಇಲ್ಲ, ಇನ್ನೂ ಮುಂದೆ. ತಲೆಯ ಮೇಲೆ ಗಂಟಿಲ್ಲದೆ ಆ ದಾರಿಯಲ್ಲಿ ಹೋಗುವುದು ಯಾರದೋ ಕನಸಿನಲ್ಲಿ ಹೋದಂತಿತ್ತು.

ಮುದ್ದೇಬಿಹಾಳದ ಸಂತೆಯಲ್ಲಿ ಸಿಕ್ಕ ಹಳೆಯ ಗಿರಾಕಿಯೊಬ್ಬಳು ಎಲ್ಲರಿಗಿಂತ ಗಟ್ಟಿ. ಅವಳ ತವರೂ ಇಂಗಳೇಶ್ವರವೇ, ನಾಲ್ಕು ಹೆಣ್ಣುಮಕ್ಕಳ ತಾಯಿ. ಅಕ್ಕತಂಗಿಯರ ಮಕ್ಕಳೂ ಇವಳ ಮಾತು ಕೇಳುತ್ತಿದ್ದರು. ಇವಳು ಒಪ್ಪಿದರೆ ಒಂದು ದೊಡ್ಡ ಗುಂಪೇ ಬರುತ್ತದೆಂದು ನಾನು ಲೆಕ್ಕ ಹಾಕಿದ್ದೆ.

“ಹೆಣ್ಣ ಹುಡಿಗ್ಯಾರು ಬಾವಿಗೆ ಇಳಿಯೂದಂದ್ರ? ಮಂದಿ ಏನಂದಾರು ಯಕ್ಕ?”

“ಮುಂಜಾನೆ ಇಳೀತಾರ. ಗಂಡಸೂರು ಆ ಕಡಿ ಹಾಯಂಗಿಲ್ಲ. ಬೀಗತಿ ದಂಡಿ ಮ್ಯಾಲ ಕಟಗಿ ಹಿಡಕೊಂಡ ಕುಂದರ್ತಾಳ.”

“ಮೈ ಕಪ್ಪ ಆಗ್ತೈತಿ.”

“ಬಾವ್ಯಾಗ ಬಿಸಲ ಎಲ್ಲಿ ಬರ್ತೈತಬೇ? ನಿನ್ನ ಮಗಳು ಹೊಲದಾಗ ಹತ್ತಿ ಬಿಡಸಾಕ ಹೋದ್ರ ಕಪ್ಪ ಆಗಂಗಿಲ್ಲೇನು?”

“ಏನ ಉಟಗೊಂಡ ಇಳೀಬೇಕು? ಒದ್ದಿ ಆದ್ರ ಮೈಗೆ ಹತ್ತತೈತಿ.”

“ಅದನ್ನ ನನಗ ಬಿಡು. ಬಟ್ಟಿ ಬಗ್ಗೆ ನನಗ ಹೇಳ್ತಿ ಏನ?”

ಅವಳು ಕಾಯಿಪಲ್ಯದ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಕಣ್ಣು ಸಣ್ಣ ಮಾಡಿದಳು. ಸೀರೆ ಕೊಳ್ಳುವಾಗಲೂ ಹೀಗೇ ಮಾಡುತ್ತಿದ್ದಳು, ಕಡೆಯ ಮಾತು ಬರುವ ಮೊದಲು.

“ಒಂದ ಮಾತು ಯಕ್ಕ. ನೀ ಮೊದಲ ಇಳಿ. ನೀ ಇಳದದ್ದು ನನ್ನ ಕಣ್ಣೀಲೆ ನೋಡ್ತೇನಿ. ಆಮ್ಯಾಲ ನನ್ನ ಮಕ್ಕಳನ್ನ ಕೇಳು.”

ನನಗೆ ಈಜು ಬರುವುದಿಲ್ಲ. ನೀರು ನನ್ನ ಮೊಣಕಾಲಿಗಿಂತ ಮೇಲೆ ಎಂದೂ ಬಂದಿರಲಿಲ್ಲ. ಆದರೂ, “ಆತು,” ಎಂದೆ. ಜೀವನದಲ್ಲಿ ಮೊದಲ ಸಲ ನಾನೂ ಕಡಿದು ಕೇಳಲಿಲ್ಲ.

ಸೂಟಿ ಶುರುವಾದ ಮೊದಲ ವಾರವೇ ಬಾವಿಗೆ ಹೋದೆವು. ಬಟ್ಟೆಯನ್ನು ನಾನೇ ಆರಿಸಿದ್ದೆ: ಹತ್ತಿ ಬಟ್ಟೆ ನೀರು ಕುಡಿದು ಕಲ್ಲಾಗುತ್ತದೆ, ಕಾಲು ಹಿಡಿದು ಎಳೆಯುತ್ತದೆ, ದುಪ್ಪಟ್ಟ ಅಂತೂ ಬೇಡವೇ ಬೇಡ. ಅಂಗಡಿಯಲ್ಲಿ ಉಳಿದಿದ್ದ ನೀರು ಹಿಡಿಯದ ಕಪ್ಪು, ನೀಲಿ ಬಟ್ಟೆಯಲ್ಲಿ ಮೊಣಕಾಲಿನ ಕೆಳಗಿನವರೆಗೆ ಬಿಗಿಯಾದ ಚೊಣ್ಣ, ಉದ್ದ ತೋಳಿನ ಅಂಗಿ ಹೊಲಿಸಿದೆ. ಮನೆಯಲ್ಲಿ ಯಾರಿಗಾದರೂ ಕಲಿಸುವುದಿದ್ದರೆ ಇದನ್ನು ನೆನಪಿಡಿ. ಬೆನ್ನಿಗೆ ಕಟ್ಟಲು ಸೋರೆ ಬುರುಡೆ ಈಗ ಸಿಗುವುದಿಲ್ಲ. ಅಡುಗೆ ಎಣ್ಣೆಯ ಖಾಲಿ ಡಬ್ಬಿಗಳ ಮುಚ್ಚಳ ಬಿಗಿ ಮಾಡಿ ಕಟ್ಟಿದೆವು. ಬೇವಿನ ಬುಡಕ್ಕೆ ದಪ್ಪ ಹಗ್ಗ ಕಟ್ಟಿ ನೀರಿಗೆ ಬಿಟ್ಟೆವು.

ಇಳಿಯುವ ಮೊದಲು ಬೀಗತಿ ಬಾವಿಯ ನೀರಿಗೆ, ನಮ್ಮ ಗಂಗವ್ವನಿಗೆ, ಉಡಿ ತುಂಬಿದಳು. ಅರಿಷಿಣ, ಕುಂಕುಮ, ಒಂದು ಖಣ, ಇಂಡಿಯ ಹುಡುಗಿ ತಂದ ನಿಂಬೆಹಣ್ಣು. ನಿಂಬೆಹಣ್ಣು ಮುಳುಗಲಿಲ್ಲ. ಹಳದಿಯಾಗಿ, ಸಾವಕಾಶವಾಗಿ ಬಾವಿಯ ನಡುವಿಗೆ ತೇಲಿಹೋಯಿತು.

“ನೋಡ್ರಿ, ಅದಕ್ಕ ಯಾರ ಕಲಿಸ್ಯಾರ?” ಎಂದಳು ಸೊಸೆ.

ಸೊಸೆ ಮೊದಲು ಇಳಿದಳು. ಹೇಗೆ ಹೇಳಲಿ? ನಮ್ಮ ಮನೆಯಲ್ಲಿ ಅವಳು ಗೋಡೆಯ ಬದಿಗೆ ನಡೆಯುವ ಹುಡುಗಿ. ನೀರಿಗೆ ಬಿದ್ದ ಕೂಡಲೇ ಆ ಹುಡುಗಿ ಕರಗಿಹೋದಳು. ಒಂದು ಕಡೆ ಮುಳುಗಿದವಳು ಇನ್ನೊಂದು ಕಡೆ ಎದ್ದಳು, ಕೂದಲಿಂದ ಬೆಳಕು ಸೋರಿಸುತ್ತ. ನೀರಿಗೆ ಅವಳ ಗುರುತು ಇತ್ತು. ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಅದು ಅವಳ ಭುಜ ಸವರಿ ಕೇಳುತ್ತಿದ್ದ ಹಾಗಿತ್ತು.

ಆಮೇಲೆ ನನ್ನ ಸರದಿ. ಮುದ್ದೇಬಿಹಾಳದವಳು ಮೇಲಿನ ಮೆಟ್ಟಿಲ ಮೇಲೆ ಚಕ್ಕಳಬಕ್ಕಳ ಹಾಕಿ, ನಾಟಕ ನೋಡಲು ಬಂದವಳಂತೆ ಕುಳಿತಿದ್ದಳು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಪಾಚಿಗಟ್ಟಿದ ಮೆಟ್ಟಿಲನ್ನು ಕುಂಡೆಯ ಮೇಲೆ ಜಾರುತ್ತ ಇಳಿದೆ. ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ಉಸಿರು ಮೇಲಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಸೊಸೆ ನನ್ನ ತಲೆಯ ಕೆಳಗೆ ಅಂಗೈ ಇಟ್ಟಳು.

“ಅಂಗಾತ ಮಲಗ್ರಿ ಅತ್ತಿ. ಹಾಸಿಗಿ ಮ್ಯಾಲ ಮಲಗಿದಂಗ. ಏನೂ ಮಾಡಬ್ಯಾಡ್ರಿ.”

ಏನೂ ಮಾಡದೆ ಇರುವುದು ನನಗೆ ಗೊತ್ತಿರಲಿಲ್ಲ. ಕುತ್ತಿಗೆ ಬಿಗಿಹಿಡಿದೆ, ಕೈ ಬಡಿದೆ, ನೀರು ಕುಡಿದೆ. “ಬಿಡ್ರಿ, ಬಿಡ್ರಿ,” ಎನ್ನುತ್ತಿದ್ದಳು ಸೊಸೆ. ಯಾವಾಗಲೋ ಬಿಟ್ಟೆ. ಕಿವಿ ನೀರೊಳಗೆ ಹೋಯಿತು, ಲೋಕದ ಸದ್ದೆಲ್ಲ ಪಕ್ಕದ ಮನೆಯದಾಯಿತು. ಮೇಲೆ ಆಕಾಶ ದುಂಡಗೆ, ತಿಕ್ಕಿ ಇಟ್ಟ ತಾಟಿನ ಹಾಗೆ. ಅದರ ಅಂಚಿನಲ್ಲಿ ಬೇವಿನ ಎಲೆಗಳ ಕಸೂತಿ. ತಲೆಯ ಮೇಲೆ ಗಂಟು ಹೊತ್ತು ಹೊತ್ತು ಕುಗ್ಗಿದ ಈ ಕುತ್ತಿಗೆಯನ್ನು ಯಾರೋ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಯಾರು? ಸೊಸೆಯ ಕೈಯೋ, ನೀರೋ, ಡಬ್ಬಿಯೋ ತಿಳಿಯಲಿಲ್ಲ. ಬೆಲೆ ಕೇಳಬೇಕೆಂದೂ ಅನಿಸಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ, ಕಣ್ಣಲ್ಲಿ ಒಂದು ಬೇವಿನ ಹೂ ಬಿದ್ದಾಗ ಎಚ್ಚರವಾಯಿತು.

ಮೇಲೆ ಬಂದಾಗ ಮುದ್ದೇಬಿಹಾಳದವಳು, “ಸತ್ತಿ ಅಂತ ತಿಳಿದಿದ್ದೆ ಯಕ್ಕ. ಮಾರಿ ಮ್ಯಾಲ ನಗಿ ಇತ್ತು, ಹಂಗಾಗಿ ಕೂಗಲಿಲ್ಲ,” ಎಂದಳು. ಮಾರನೆಯ ದಿನ ನಾಲ್ಕೂ ಮಕ್ಕಳನ್ನು ಕಳಿಸಿದಳು. ಅವಳ ಅಕ್ಕತಂಗಿಯರ ಮಕ್ಕಳೂ ಬಂದರು. ಅವರನ್ನು ನೋಡಿ ಬಾಗೇವಾಡಿಯವರೂ ಬಂದರು. ಇಪ್ಪತ್ತು ತುಂಬಿತು.

ಆ ಬೇಸಿಗೆಯ ಬೆಳಗುಗಳನ್ನು ಬೇರೆಬೇರೆ ಮಾಡಿ ನೆನೆಯಲು ನನಗೆ ಆಗುವುದಿಲ್ಲ. ಎಲ್ಲವೂ ಒಂದೇ ಹಸಿರು ನೀರಿನಲ್ಲಿ ತೇಲುತ್ತವೆ. ಡಬ್ಬಿ ಕಟ್ಟಿಕೊಂಡ ಹುಡುಗಿಯರು ಆಮೆಗಳಂತೆ ಸುತ್ತುತ್ತಿದ್ದರು. ಕೆಲವು ದಿನದ ಮೇಲೆ ಡಬ್ಬಿ ಸಣ್ಣದಾಯಿತು, ಆಮೇಲೆ ಅದೂ ಹೋಯಿತು. ಸಿಂದಗಿಯ ಹುಡುಗಿಗೆ ಬಾವಿಯೊಳಗೆ ಹಾಡುವ ಹುಚ್ಚು. ಅವಳ ಒಂದು ದನಿ ಗೋಡೆಗೆ ತಾಗಿ ನಾಲ್ಕಾಗಿ ತಿರುಗಿ ಬರುತ್ತಿತ್ತು, ಪಾರಿವಾಳಗಳು ಹಾರಿಹೋಗುತ್ತಿದ್ದವು. ಸೊಸೆ ಯಾರನ್ನೂ ಗದರುತ್ತಿರಲಿಲ್ಲ. ಅಂಜಿದವಳ ಎದುರು ನೀರಲ್ಲಿ ನಿಂತು, ಎರಡೂ ಕೈ ಚಾಚಿ, ಅವಳು ಬರುವ ತನಕ ಕಾಯುತ್ತಿದ್ದಳು. ಗೋಡೆಯ ಮೇಲೆ ಕಾಣದ ಅಕ್ಷರ ಬರೆಯುತ್ತಿದ್ದ ಕಣ್ಣುಗಳು ಈಗ ಒಬ್ಬೊಬ್ಬ ಹುಡುಗಿಯ ಮುಖವನ್ನು ಓದುತ್ತಿದ್ದವು. ಅವಳು ಮಾಸ್ತರಿಣಿ ಆಗಿಯೇ ಬಿಟ್ಟಿದ್ದಾಳೆ, ಉಳಿದದ್ದು ಕಾಗದ ಮಾತ್ರ ಎಂದು ನನಗೆ ಅನಿಸುತ್ತಿತ್ತು. ಆದರೆ ಆ ಕಾಗದವಿಲ್ಲದೆ ಯಾವ ಸಾಲಿಯ ಬಾಗಿಲೂ ತೆರೆಯುವುದಿಲ್ಲವಲ್ಲ.

ನಾನೂ ದಿನಾ ಇಳಿಯುತ್ತಿದ್ದೆ. ಅಂಗಡಿಯ ಬಾಗಿಲು ತಡವಾಗಿ ತೆರೆಯುತ್ತಿತ್ತು. ಗಿರಾಕಿಗಳು, “ಕೂದಲ ಯಾಕ ಒದ್ದಿ ಐತಿ?” ಎಂದು ಕೇಳುತ್ತಿದ್ದರು. ಬೆನ್ನಿನ ಡಬ್ಬಿಯನ್ನು ಮಾತ್ರ ನಾನು ಬಿಚ್ಚಲಿಲ್ಲ. “ನನ್ನ ವಯಸ್ಸಿಗೆ ಇಷ್ಟ ಸಾಕು,” ಅನ್ನುತ್ತಿದ್ದೆ.

ಬೇವಿನ ಹೂ ಹೋಗಿ ಹಣ್ಣು ಉದುರತೊಡಗಿದಾಗ ಮೇಡಂ ನೋಡಲು ಬಂದರು. ಅಂದೇ ಸಂಜೆಯೊಳಗೆ ಅವರು ವಿಶ್ವವಿದ್ಯಾಲಯಕ್ಕೆ ಕಳಿಸಬೇಕಿತ್ತು, ಅದೇ ಕೊನೆಯ ದಿನ. ದಂಡೆಯ ಕಲ್ಲಿನ ಮೇಲೆ ಕುಳಿತು, ಚಪ್ಪಲಿ ಬಿಚ್ಚಿ, ಕಾಗದ ತೊಡೆಯ ಮೇಲೆ ಇಟ್ಟುಕೊಂಡರು. ಸೊಸೆ ಬಾವಿಯೊಳಗೆ ನಿಂತು ಒಬ್ಬೊಬ್ಬರನ್ನೇ ಕರೆದಳು. ಹುಡುಗಿಯರು ದಾಟಿದರು. ಒಬ್ಬಳು ಕಪ್ಪೆಯಂತೆ, ಒಬ್ಬಳು ನಾಯಿಯಂತೆ, ಸಿಂದಗಿಯವಳು ಬಾಯಲ್ಲಿ ನೀರು ತುಂಬಿಕೊಂಡೇ ಹಾಡುತ್ತ. ದಾಟಿದವಳು ಆಚೆಯ ಗೋಡೆ ತಟ್ಟಿದಾಗಲೆಲ್ಲ ಮೇಡಂ ಒಂದು ಗೆರೆ ಎಳೆದರು.

ಹತ್ತೊಂಬತ್ತಕ್ಕೆ ಗೆರೆ ನಿಂತಿತು. ನಿಂಬೆಹಣ್ಣು ತಂದಿದ್ದ ಇಂಡಿಯ ಹುಡುಗಿ ಇರಲಿಲ್ಲ. ಮನೆಯಲ್ಲಿ ಏನೋ ಕಾರ್ಯ ಗೊತ್ತಾಯಿತೆಂದು ಅವಳ ಅಪ್ಪ ಬೆಳಗಿನ ಮೊದಲ ಬಸ್ಸಿಗೇ ಕರೆದುಕೊಂಡು ಹೋಗಿದ್ದ. ಆ ಸುದ್ದಿ ನಮಗೆ ಬಾವಿಯ ದಂಡೆಗೇ ಬಂತು.

ನಾನು ಮೇಡಂ ಹತ್ತಿರ ಹೋದೆ. ಬೆನ್ನಲ್ಲಿ ಡಬ್ಬಿ, ಅಂಗಿಯಿಂದ ನೀರು ಸೋರುತ್ತಿತ್ತು.

“ಮೇಡಂ, ಹತ್ತೊಂಬತ್ತಕ್ಕ ಮುಗಿಸ್ರಿ. ಅದ್ರಾಗ ಮೂರ ಮಂದಿ ಎರಡೆರಡು ಸಲ ದಾಟ್ಯಾರ.”

ಮೇಡಂ ನಕ್ಕರು. “ಅಮ್ಮ, ಇದನ್ನೂ ಮೊಳ ಹಾಕಿ ಅಳೀತೀರಲ್ಲ! ಇಪ್ಪತ್ತು ಅಂತ ಬರೆಸಿದ್ದು ನೀವೇ ಅಲ್ವಾ? ಆವಾಗ ಹತ್ತು ಅಂದಿದ್ರೂ ನಾನು ಹತ್ತೇ ಬರೀತಿದ್ದೆ.” ನಗು ಹೋಯಿತು. “ಈಗ ಕಡಿಮೆ ಬಂದ್ರೆ ಅಪೂರ್ಣ ಅಂತ ವಾಪಸ್ ಕಳಿಸ್ತಾರೆ. ನನ್ನ ಕೈಲಿಲ್ಲ.”

“ಆ ಹುಡುಗಿ ನಿನ್ನಿ ದಾಟ್ಯಾಳ್ರಿ. ನಾನ ನೋಡೇನಿ. ಬರಕೋರಿ.”

ಬಾವಿಯೊಳಗಿಂದ ಸೊಸೆ ಹೇಳಿದಳು: “ಬ್ಯಾಡ್ರಿ ಮೇಡಂ. ನೀವ ನೋಡಿಲ್ಲ. ಹತ್ತೊಂಬತ್ತ ಅಂತನ ಬರೀರಿ.”

ಅವಳ ದನಿ ಗೋಡೆಗೆ ತಾಗಿ ಮೇಲೆ ಬಂತು. ಮೇಡಂ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

“ಮೇಡಂ, ಕಲಿಯೋರ ವಯಸ್ಸು ಏನರ ಗೊತ್ತ ಮಾಡೀರೇನ್ರಿ?” ಎಂದು ಕೇಳಿದೆ.

“ಇಲ್ಲಮ್ಮ. ಇಪ್ಪತ್ತು ಜನ ಕಲೀಬೇಕು, ಅಷ್ಟೆ. ಯಾಕೆ?”

ಬೆನ್ನಿನ ಗಂಟು ಬಿಚ್ಚಿದೆ. ಡಬ್ಬಿ ಕಲ್ಲಿನ ಮೇಲೆ ಬಿದ್ದು ಉರುಳಿತು.

ಸೊಸೆ ನೀರಿನಿಂದ ಅರ್ಧ ಮೇಲೆದ್ದಳು. “ಅತ್ತಿ! ಡಬ್ಬಿ ಇಲ್ದ ನೀವು ಒಂದ ಸಲನೂ ಈಸಿಲ್ಲ. ಬ್ಯಾಡ್ರಿ. ನನ್ನ ಸೀಟು ಹೋದ್ರ ಹೋಗ್ಲಿ.”

“ನೀ ಮಗ್ಗಲಕ ಬಾ. ಮುಟ್ಟಬ್ಯಾಡ.”

“ಮುಳುಗಿದ್ರ?”

“ಮುಳುಗಿದ್ರ ಮುಟ್ಟು.”

ಇಷ್ಟೇ ಚೌಕಾಸಿ ಆದದ್ದು. ಕೆಳಗಿಳಿದು ನೀರಂಚಿನ ಮೆಟ್ಟಿಲು ಬಿಟ್ಟೆ. ಕೈ ಬೀಸಿದೆ, ಕಾಲು ಬಡಿದೆ, ಹುಡುಗಿಯರು ಮಾಡಿದ್ದನ್ನು ನೋಡಿದ್ದೆನಲ್ಲ, ಹಾಗೆಯೇ. ಮೊದಲರ್ಧ ಹೇಗೋ ಹೋಯಿತು. ನಡುವೆ ಬಂದಾಗ ಕೆಳಗಿನ ನೀರು ತಣ್ಣಗೆ, ಕಪ್ಪಗೆ ಕಾಲಿಗೆ ತಾಗಿತು. ಅಲ್ಲಿ ಏನೂ ಇಲ್ಲ ಎಂದು ಕಾಲಿಗೆ ತಿಳಿಯಿತು. ಕೂಡಲೇ ಕೈಗೆ ಎಲ್ಲ ಮರೆತುಹೋಯಿತು. ಒಂದು ಗುಟುಕು ಕುಡಿದೆ, ಇನ್ನೊಂದು ಕುಡಿದೆ. ಸೊಸೆಯ ಕೈ ನನ್ನ ರೆಟ್ಟೆಯ ಹತ್ತಿರ ಬಂದದ್ದು ಕಂಡಿತು. ನೀರಿನಲ್ಲಿ ಅದು ದೊಡ್ಡದಾಗಿ, ಬೆಳ್ಳಗೆ ಅಲುಗುತ್ತಿತ್ತು. ತಲೆ ಅಲ್ಲಾಡಿಸಿದೆ. ಆ ಕೈ ಅಲ್ಲೇ ನಿಂತಿತು. ಎಳೆದುಕೊಳ್ಳಬೇಕೆಂಬ ಆಸೆಯನ್ನು ತಡೆದು ನಿಂತ ಕೈ ಅದು. ಅವಳ ಮುಖ ನೋಡದೆಯೂ ನನಗೆ ತಿಳಿಯಿತು.

ಈಜು ಬಾರದಿದ್ದರೂ ಒಂದು ನನಗೆ ಬರುತ್ತಿತ್ತು. ಹೊರಳಿದೆ. ಅಂಗಾತ ಮಲಗಿದೆ. ಕುತ್ತಿಗೆ ಬಿಟ್ಟೆ. ಕಿವಿ ನೀರೊಳಗೆ ಹೋಗಿ ಸದ್ದೆಲ್ಲ ದೂರವಾಯಿತು. ದುಂಡನೆಯ ಆಕಾಶ ಮತ್ತೆ ಬಂದು ಮೇಲೆ ನಿಂತಿತು. ಡಬ್ಬಿ ಇರಲಿಲ್ಲ, ಯಾರ ಅಂಗೈಯೂ ಇರಲಿಲ್ಲ, ಆದರೂ ನಾನು ಇದ್ದೆ. ಉಸಿರು ಎಳೆದಾಗ ಮೇಲೆ, ಬಿಟ್ಟಾಗ ಒಂದಿಷ್ಟು ಕೆಳಗೆ. ಕಾಲನ್ನು ಸಾವಕಾಶ ಆಡಿಸಿದೆ, ತೊಟ್ಟಿಲು ತೂಗುವಂತೆ. ಬೇವಿನ ಕೊಂಬೆ ಆಕಾಶದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಟಿತು. ನಾನು ಹೋಗುತ್ತಿದ್ದೇನೋ, ಅದೇ ಹೋಗುತ್ತಿದೆಯೋ. ಇಂಡಿ, ಸಿಂದಗಿ, ಮುದ್ದೇಬಿಹಾಳದ ದಾರಿಗಳನ್ನೆಲ್ಲ ನಡೆದ ಈ ಕಾಲುಗಳಿಗೆ ಇಷ್ಟು ಸಣ್ಣ ದಾರಿ ಮುಗಿಯುತ್ತಲೇ ಇರಲಿಲ್ಲ. ಮುಗಿಯದಿದ್ದರೂ ನಡೆದೀತು ಅನಿಸುತ್ತಿತ್ತು.

ನೆತ್ತಿ ಕಲ್ಲಿಗೆ ಬಡಿಯಿತು. ಚೆನ್ನಾಗಿಯೇ ಬಡಿಯಿತು. ಕೈ ಹಿಂದೆ ಚಾಚಿ ಗೋಡೆ ಹಿಡಿದೆ. ಹುಡುಗಿಯರು ಬಾಯಿ ತೆರೆದು ಕುಣಿಯುತ್ತಿದ್ದರು, ಕಿವಿಯಲ್ಲಿ ನೀರಿದ್ದ ನನಗೆ ಏನೂ ಕೇಳಿಸಲಿಲ್ಲ. ಸೊಸೆ ನನ್ನನ್ನು ಅಪ್ಪಿ ಹಿಡಿದಿದ್ದಳು. ಇನ್ನು ಮುಟ್ಟಿದರೆ ಅಡ್ಡಿಯಿರಲಿಲ್ಲ.

ಕಿವಿ ಬಿಟ್ಟ ಮೇಲೆ ಮೊದಲು ಕೇಳಿದ್ದು ಮೇಡಂ ದನಿ. “ಅಂಗಾತ ಬಂದ್ರಲ್ಲ, ಇದನ್ನೂ ಈಜು ಅಂತಾರಾ?”

“ಅಂತಾರ್ರಿ ಮೇಡಂ. ನಾನ ಮೊದಲ ಕಲಸೂದ ಇದು,” ಎಂದಳು ಸೊಸೆ. ಈ ಸಲ ಅವಳ ದನಿ ಮಾಸ್ತರಿಣಿಯದು.

ಆಮೇಲೆ ಆದದ್ದನ್ನೂ ಹೇಳಿಬಿಡುತ್ತೇನೆ, ಕೇಳುವವರಿಗೆ ಅದೇ ಮುಖ್ಯವಿರುತ್ತದೆ. ಮಾರ್ಕ್ಸ್ ಕಾರ್ಡ್ ಬಂತು. ಈಗ ಅವಳು ಬೆಳಿಗ್ಗೆ ಸಿಂದಗಿಯ ಬಸ್ಸು ಹಿಡಿಯುತ್ತಾಳೆ, ಮೊಮ್ಮಗಳು ಅಂಗಡಿಯಲ್ಲಿ ಖಣಗಳ ರಾಶಿಯ ಮೇಲೆ ನಿದ್ದೆ ಮಾಡುತ್ತಾಳೆ. ನಿಮ್ಮ ಮನೆಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಥ ಕ್ರೆಡಿಟ್ಟಿನ ಮಾತು ಬಂದರೆ, ಅವರಿಗೆ ಏನು ಬರುತ್ತದೆಂದು ಮೊದಲು ಅವರನ್ನೇ ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಕಾಯಿರಿ. ಸೆರಗಿನ ಅಂಚು ಸುತ್ತುವುದು ಮುಗಿಯಲಿ.

ಅಂದು ಬೆಳಿಗ್ಗೆ ಮಾತ್ರ ನಾವಿಬ್ಬರೂ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಬಿಸಿಲು ಪೂರ್ತಿ ಎದ್ದಿತ್ತು. ಮೇಡಂ ಇಪ್ಪತ್ತನೆಯ ಗೆರೆ ಎಳೆದು, ತಮ್ಮ ಸಹಿ ಮಾಡಿ, ಸೊಸೆಯ ಕೈಗೆ ಪೆನ್ನು ಕೊಟ್ಟರು. ಅವಳು ಬಗ್ಗಿ ಸಹಿ ಮಾಡುವಾಗ ಹೆರಳಿನ ತುದಿಯಿಂದ ಒಂದು ಹನಿ ಕಾಗದದ ಮೇಲೆ ಬಿತ್ತು. ಶಾಯಿ ಸ್ವಲ್ಪ ಹರಡಿತು. ಸೊಸೆ ಹೌಹಾರಿದಳು.

“ಅಳಸಿತೇನ್ರಿ ಮೇಡಂ?”

ಮೇಡಂ ಕಾಗದವನ್ನು ಎತ್ತಿ, ಮೆಲ್ಲಗೆ ಊದಿ, ಬಿಸಿಲಿಗೆ ಹಿಡಿದು ನೋಡಿದರು.

“ಇಲ್ಲ ಕಣಮ್ಮ. ಓದೋಕೆ ಬರುತ್ತೆ.”